ಸಾವು, ಆಸ್ಪತ್ರೆ, ಮತ್ತೆ ಆಸ್ಪತ್ರೆ: ಔಷಧ ಪ್ರಯೋಗದಲ್ಲಿ ಎಣಿಸಬೇಕಾದ್ದು ಯಾವುದನ್ನು?

ಹೃದಯಾಘಾತದಿಂದ ಬದುಕುಳಿದರೂ ಹೃದಯದ ಶಕ್ತಿ ಕುಂದಿದ್ದ 1,959 ರೋಗಿಗಳ ಮೇಲೆ ಕಾರ್ವೆಡಿಲಾಲ್ ಎಂಬ ಔಷಧವನ್ನು ಪರೀಕ್ಷಿಸಿದ ‘ಕ್ಯಾಪ್ರಿಕಾರ್ನ್’ ಪ್ರಯೋಗದ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ಶೇ 12ರಷ್ಟು ಮಂದಿ ತೀರಿಕೊಂಡಿದ್ದರು. ಪ್ಲಾಸಿಬೊ, ಅಂದರೆ ಔಷಧದ ಅಂಶವೇ ಇಲ್ಲದ ಗುಳಿಗೆ ಪಡೆದವರಲ್ಲಿ ಶೇ 15ರಷ್ಟು. ಲೆಕ್ಕ ಹಾಕಿದರೆ ಸಾವಿನ ಅಪಾಯ ಶೇ 23ರಷ್ಟು ತಗ್ಗಿತ್ತು. ಇಷ್ಟಾದರೂ ಆ ಪ್ರಯೋಗ ತಾನು ಹಾಕಿಕೊಂಡ ಮುಖ್ಯ ಗುರಿಯನ್ನು ಮುಟ್ಟಲಿಲ್ಲವೆಂದೇ ದಾಖಲಾಯಿತು.

ಹೀಗೇಕಾಯಿತು? ಆರಂಭದಲ್ಲಿ ಪ್ರಯೋಗದ ಮುಖ್ಯ ಗುರಿ ಒಂದೇ ಆಗಿತ್ತು: ಯಾವುದೇ ಕಾರಣದಿಂದ ಬರುವ ಸಾವು. ಪ್ರಯೋಗ ನಡೆಯುತ್ತಿರುವಾಗ, ಎರಡೂ ಗುಂಪು ಸೇರಿ ಸಾವುಗಳು ನಿರೀಕ್ಷೆಗಿಂತ ಕಡಿಮೆ ಇವೆ ಎಂದು ತಿಳಿಯಿತು. ಸಾವು ಕಡಿಮೆಯಾದರೆ ಹೋಲಿಕೆಗೆ ಬೇಕಾದ ಬಲ ಸಾಲದು. ಆದ್ದರಿಂದ ‘ಸಾವು ಅಥವಾ ಹೃದಯ ಸಂಬಂಧಿ ಕಾರಣಕ್ಕೆ ಆಸ್ಪತ್ರೆ ಸೇರುವುದು’ ಎಂಬ ಎರಡನೇ ಮುಖ್ಯ ಗುರಿಯನ್ನು ಸೇರಿಸಿದರು. ಸಂಖ್ಯಾಶಾಸ್ತ್ರದಲ್ಲಿ ಆಕಸ್ಮಿಕಕ್ಕೆ ಬಿಟ್ಟುಕೊಡುವ ಅವಕಾಶ ಸಾಮಾನ್ಯವಾಗಿ ಶೇ 5. ಗುರಿ ಎರಡಾದಾಗ ಅದನ್ನೂ ಹಂಚಬೇಕು. ಹೊಸ ಗುರಿಗೆ ಶೇ 4.5, ಸಾವಿಗೆ ಉಳಿದ ಶೇ 0.5 ಎಂದು ಹಂಚಿದರು. ಕೊನೆಗೆ ಹೊಸ ಗುರಿಯಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ: ಒಂದು ಕಡೆ ಶೇ 35, ಇನ್ನೊಂದು ಕಡೆ ಶೇ 37. ಸಾವಿನ ವ್ಯತ್ಯಾಸ ಕೇವಲ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಾಧ್ಯತೆ ಶೇ 3ರಷ್ಟಿತ್ತು. ಹಳೆಯ ನಿಯಮದಂತೆ ಅದು ಪಾಸು, ಹೊಸ ನಿಯಮದಂತೆ ನಪಾಸು.

ರೋಗಿಗಳು ಅವರೇ, ಔಷಧ ಅದೇ, ಆದ ಸಾವುಗಳೂ ಅವೇ. ಬದಲಾದದ್ದು ಎಣಿಸುವ ಕ್ರಮ ಮಾತ್ರ. ಒಬ್ಬ ರೋಗಿಗೆ ಒಂದಕ್ಕಿಂತ ಹೆಚ್ಚು ಅನಾಹುತಗಳು ಆಗಬಹುದಾದ ಕಾಯಿಲೆಗಳಲ್ಲಿ ಯಾವುದನ್ನು, ಹೇಗೆ, ಯಾವ ಕ್ರಮದಲ್ಲಿ ಎಣಿಸುತ್ತೇವೆ ಎಂಬ ಆಯ್ಕೆ ಔಷಧದಷ್ಟೇ ಮುಖ್ಯ. ಆ ಆಯ್ಕೆಯನ್ನು ಲೆಕ್ಕಿಗರ ಒಳಕೋಣೆಗೆ ಬಿಟ್ಟುಬಿಡಬಾರದು. ವೈದ್ಯರಿಗೂ ರೋಗಿಗಳಿಗೂ ಸುದ್ದಿ ಓದುವ ನಮಗೂ ಅದರ ತಿಳಿವಳಿಕೆ ಬೇಕು.

ಮೊದಲು ಬುನಾದಿಯ ಮಾತು. ಇಂಥ ಪ್ರಯೋಗಗಳಲ್ಲಿ ಎಷ್ಟು ಮಂದಿ ಸತ್ತರು ಎಂಬುದರ ಜೊತೆಗೆ ಎಷ್ಟು ದಿನಕ್ಕೆ ಸತ್ತರು ಎಂಬುದೂ ಮುಖ್ಯ. ಇದನ್ನು ಅಳೆಯುವ ವಿಧಾನಗಳಿಗೆ ಒಟ್ಟಾಗಿ ಸರ್ವೈವಲ್ ಅನಾಲಿಸಿಸ್, ಅಂದರೆ ಉಳಿವಿನ ವಿಶ್ಲೇಷಣೆ ಎನ್ನುತ್ತಾರೆ. ಅದರ ಮುಖ್ಯ ತೊಡಕು ಅಪೂರ್ಣ ಮಾಹಿತಿ. ಪ್ರಯೋಗ ಮುಗಿಯುವ ದಿನವೂ ಬಹಳ ಮಂದಿ ಬದುಕಿರುತ್ತಾರೆ. ಕೆಲವರು ಊರು ಬಿಟ್ಟು ಹೋಗಿ ಸಂಪರ್ಕಕ್ಕೆ ಸಿಗುವುದಿಲ್ಲ. ಇವರ ಬಗ್ಗೆ ನಮಗೆ ಗೊತ್ತಿರುವುದು ‘ಇಂಥ ದಿನದವರೆಗೆ ಏನೂ ಆಗಿರಲಿಲ್ಲ’ ಎಂಬುದಷ್ಟೇ. ಈ ಅರ್ಧ ಮಾಹಿತಿಯನ್ನೂ ಕೈಬಿಡದೆ ಬಳಸಿಕೊಳ್ಳುವ ದಾರಿಯನ್ನು 1958ರಲ್ಲಿ ಎಡ್ವರ್ಡ್ ಕಪ್ಲಾನ್ ಮತ್ತು ಪಾಲ್ ಮೈಯರ್ ತೋರಿಸಿದರು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅವರ ರೇಖೆ ಇಂದಿಗೂ ವೈದ್ಯಕೀಯ ಪತ್ರಿಕೆಗಳಲ್ಲಿ ಎಲ್ಲೆಡೆ ಕಾಣುತ್ತದೆ. 1972ರಲ್ಲಿ ಬ್ರಿಟನ್ನಿನ ಡೇವಿಡ್ ಕಾಕ್ಸ್ ಎರಡು ಗುಂಪುಗಳ ಅಪಾಯವನ್ನು ಹೋಲಿಸುವ ಸಮೀಕರಣ ಕೊಟ್ಟರು. ಅದರಿಂದ ಸಿಗುವ ಸಂಖ್ಯೆಗೆ ಹಜಾರ್ಡ್ ರೇಶಿಯೋ ಎಂದು ಹೆಸರು. ಅದು 0.80 ಎಂದರೆ, ಇನ್ನೂ ಅನಾಹುತವಾಗದೆ ಉಳಿದವರಲ್ಲಿ ಔಷಧದ ಗುಂಪಿಗೆ ಆ ಹೊತ್ತಿನ ಅಪಾಯ ಶೇ 20ರಷ್ಟು ಕಡಿಮೆ.

ಈ ಎರಡೂ ಸಾಧನಗಳು ಒಬ್ಬರಿಗೆ ಒಂದು ಘಟನೆ ಎಂಬ ಲೆಕ್ಕಕ್ಕೆ ಹೊಂದುತ್ತವೆ. ಕಾಯಿಲೆಗಳು ಅಷ್ಟು ಸರಳವಾಗಿ ನಡೆದುಕೊಳ್ಳುವುದಿಲ್ಲ. ಹೃದಯ ವೈಫಲ್ಯದ ರೋಗಿಯನ್ನೇ ನೋಡಿ. ಕಾಲು ಬಾತು, ಉಸಿರು ಕಟ್ಟಿ ಆಸ್ಪತ್ರೆ ಸೇರುತ್ತಾರೆ. ಚೇತರಿಸಿಕೊಂಡು ಮನೆಗೆ ಬರುತ್ತಾರೆ. ಕೆಲವು ತಿಂಗಳಿಗೆ ಮತ್ತೆ ದಾಖಲಾಗುತ್ತಾರೆ. ಪ್ರತಿ ಸಲ ದಾಖಲಾದಾಗಲೂ ಸಾವು ಒಂದು ಹೆಜ್ಜೆ ಹತ್ತಿರ ಬಂದಿರುತ್ತದೆ. ಈ ಘಟನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಬಿಡಿಸಿ ಎಣಿಸಿದರೆ ಒಂದು ಸತ್ಯ ತಪ್ಪಿಹೋಗುತ್ತದೆ, ಕಲಸಿ ಎಣಿಸಿದರೆ ಇನ್ನೊಂದು.

ಮೊದಲನೆಯ ದಾರಿ, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವುದು. ಐದಾರು ಪರೀಕ್ಷೆ ಮಾಡಿದರೆ ಯಾವುದಾದರೊಂದು ಆಕಸ್ಮಿಕವಾಗಿ ಗೆದ್ದಂತೆ ಕಾಣುವ ಅಪಾಯ ಹೆಚ್ಚು. ಹಾಗಾಗಿ ಕ್ಯಾಪ್ರಿಕಾರ್ನ್ ಮಾಡಿದಂತೆ ಶೇ 5ನ್ನು ಹಂಚಬೇಕಾಗುತ್ತದೆ. ಘಟನೆಗಳು ಒಂದಕ್ಕೊಂದು ಬಲವಾಗಿ ಅಂಟಿಕೊಂಡಿದ್ದಾಗ ಈ ಹಂಚಿಕೆ ಅಗತ್ಯಕ್ಕಿಂತ ಬಿಗಿಯಾಗುತ್ತದೆ. ಇನ್ನೊಂದು ಉಪಾಯವೆಂದರೆ ಸರದಿ ಹಾಕುವುದು. ಮೊದಲ ಗುರಿಯಲ್ಲಿ ಗೆದ್ದರೆ ಮಾತ್ರ ಎರಡನೆಯದಕ್ಕೆ ಪೂರ್ಣ ಶೇ 5ರ ಅವಕಾಶ, ಸೋತರೆ ಅಲ್ಲಿಗೇ ಪರೀಕ್ಷೆ ಮುಗಿಯಿತು. ಇದರಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದೇ ಪ್ರಯೋಗದ ಹಣೆಬರಹ ಬರೆಯುತ್ತದೆ. 1989ರಲ್ಲಿ ವೇ, ಲಿನ್ ಮತ್ತು ವೈಸ್‌ಫೆಲ್ಡ್ ಮೂರನೆಯ ಉಪಾಯ ಕೊಟ್ಟರು. ಪ್ರತಿ ಫಲಿತಾಂಶಕ್ಕೂ ಪ್ರತ್ಯೇಕ ಸಮೀಕರಣ ಬರೆದು, ಅವೆಲ್ಲ ಒಬ್ಬನೇ ರೋಗಿಯ ದೇಹದಲ್ಲಿ ಆಗುವ ಘಟನೆಗಳು ಎಂಬ ನಂಟನ್ನು ಕೊನೆಯ ಲೆಕ್ಕದಲ್ಲಿ ಸೇರಿಸುವುದು ಅವರ ಕ್ರಮ.

ಎರಡನೆಯ ದಾರಿ ಎಲ್ಲವನ್ನೂ ಒಟ್ಟುಗೂಡಿಸಿ, ಯಾವುದು ಮೊದಲು ಆದರೂ ಅದನ್ನೇ ಎಣಿಸುವುದು. ಇದಕ್ಕೆ ಸಂಯುಕ್ತ ಫಲಿತಾಂಶ ಎನ್ನೋಣ. ಇಂದಿನ ಹೃದ್ರೋಗ ಪ್ರಯೋಗಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ. ಇದರ ಅಗತ್ಯವನ್ನು ನಮ್ಮ ಬೆಂಗಳೂರಿಗೆ ನಂಟಿರುವ ಒಂದು ಪ್ರಯೋಗವೇ ಹೇಳುತ್ತದೆ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ವೈದ್ಯರು ಪ್ರಮುಖ ಪಾತ್ರ ವಹಿಸಿದ ‘ಟಿಪ್ಸ್–3’ ಪ್ರಯೋಗದಲ್ಲಿ ಬಿ.ಪಿ. ಮತ್ತು ಕೊಲೆಸ್ಟರಾಲ್ ಇಳಿಸುವ ಹಲವು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿ 5,713 ಮಂದಿಯ ಮೇಲೆ ಪರೀಕ್ಷಿಸಿದರು. ಅವರಲ್ಲಿ ದೊಡ್ಡ ಪಾಲು ಭಾರತೀಯರದು. ಹೃದಯ ಸಂಬಂಧಿ ಸಾವು, ಹೃದಯಾಘಾತ, ಪಾರ್ಶ್ವವಾಯು, ಹೃದಯ ವೈಫಲ್ಯ ಮೊದಲಾದ ಆರು ಬಗೆಯ ಅನಾಹುತಗಳನ್ನು ಒಟ್ಟಿಗೆ ಹಿಡಿದು, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕಾದರೂ ಗುಳಿಗೆ ನುಂಗಿದವರಲ್ಲಿ ಶೇ 4.4, ಪ್ಲಾಸಿಬೊದವರಲ್ಲಿ ಶೇ 5.5ರಷ್ಟು ಮಂದಿಗೆ ಮಾತ್ರ ಅನಾಹುತವಾಯಿತು. ಸಾವೊಂದನ್ನೇ ಗುರಿ ಮಾಡಿಕೊಂಡಿದ್ದರೆ ಇದಕ್ಕಿಂತ ಎಷ್ಟೋ ಪಟ್ಟು ಜನ ಬೇಕಾಗುತ್ತಿತ್ತು. ಅಷ್ಟು ದೊಡ್ಡ ಪ್ರಯೋಗಕ್ಕೆ ಹಣವನ್ನೂ ಜನರನ್ನೂ ಹೊಂದಿಸುವುದು ಸುಲಭವಲ್ಲ.

ಸಂಯುಕ್ತ ಫಲಿತಾಂಶ ನಂಬಿಕೆಗೆ ಅರ್ಹವಾಗುವುದು ಅದರ ಭಾಗಗಳೆಲ್ಲ ಒಂದೇ ದಿಕ್ಕಿಗೆ ಸಾಗಿದಾಗ. 2014ರ ‘ಪ್ಯಾರಡೈಮ್–ಎಚ್‌ಎಫ್’ ಇದಕ್ಕೆ ಒಳ್ಳೆಯ ಮಾದರಿ. ಎಂಟು ಸಾವಿರಕ್ಕೂ ಹೆಚ್ಚು ಹೃದಯ ವೈಫಲ್ಯದ ರೋಗಿಗಳಲ್ಲಿ ಸ್ಯಾಕುಬಿಟ್ರಿಲ್–ವಲ್ಸಾರ್ಟನ್ ಔಷಧವನ್ನು ಹಳೆಯ ಎನಲಾಪ್ರಿಲ್ ಜೊತೆ ಹೋಲಿಸಿದರು. ‘ಹೃದಯ ಸಂಬಂಧಿ ಸಾವು ಅಥವಾ ಹೃದಯ ವೈಫಲ್ಯಕ್ಕೆ ಮೊದಲ ಆಸ್ಪತ್ರೆ ದಾಖಲಾತಿ’ ಶೇ 26.5ರಿಂದ ಶೇ 21.8ಕ್ಕೆ ಇಳಿಯಿತು. ಹಜಾರ್ಡ್ ರೇಶಿಯೋ 0.80. ಬಿಡಿಸಿ ನೋಡಿದರೆ ಸಾವಿನದು 0.80, ಆಸ್ಪತ್ರೆಯದು 0.79. ಸಾವಿನ ವ್ಯತ್ಯಾಸವನ್ನು ತಾನಾಗಿಯೇ ಗುರುತಿಸಬಲ್ಲಷ್ಟು ದೊಡ್ಡದಾಗಿಯೇ ಆ ಪ್ರಯೋಗವನ್ನು ರೂಪಿಸಿದ್ದರು ಎಂಬುದನ್ನೂ ನೆನಪಿಡಬೇಕು.

ಇದಕ್ಕೆ ತದ್ವಿರುದ್ಧವಾದ ಪಾಠ 2006ರ ‘ಡ್ರೀಮ್’ ಪ್ರಯೋಗದ್ದು. ಮಧುಮೇಹದ ಅಂಚಿನಲ್ಲಿದ್ದ 5,269 ಮಂದಿಯಲ್ಲಿ ರೋಸಿಗ್ಲಿಟಾಜೋನ್ ಔಷಧದ ಪರೀಕ್ಷೆ ಅದು. ಗುರಿ: ‘ಮಧುಮೇಹ ಅಥವಾ ಸಾವು’. ಔಷಧದ ಗುಂಪಿನಲ್ಲಿ ಶೇ 11.6, ಪ್ಲಾಸಿಬೊದಲ್ಲಿ ಶೇ 26. ಕೇಳಿದವರಿಗೆ ಔಷಧ ಸಾವನ್ನೂ ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು ಅನ್ನಿಸುತ್ತದೆ. ಸತ್ತವರು ಒಂದು ಕಡೆ 30, ಇನ್ನೊಂದು ಕಡೆ 33. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಇಳಿಕೆಯೆಲ್ಲ ರಕ್ತದ ಸಕ್ಕರೆಯ ಅಳತೆಯಲ್ಲಿತ್ತು. ಜೊತೆಗೆ, ಸಂಯುಕ್ತ ಫಲಿತಾಂಶದೊಳಗೆ ಇಲ್ಲದ ಹೃದಯ ವೈಫಲ್ಯ ಔಷಧದ ಗುಂಪಿನಲ್ಲಿ 14 ಮಂದಿಗೆ ಬಂತು, ಪ್ಲಾಸಿಬೊದಲ್ಲಿ ಇಬ್ಬರಿಗೆ. ಹೃದಯಕ್ಕೆ ಅಪಾಯವೆಂಬ ಆತಂಕ ಬಲಿತ ಮೇಲೆ 2010ರಲ್ಲಿ ಭಾರತ ಈ ಔಷಧವನ್ನು ನಿಷೇಧಿಸಿತು. ರಕ್ತಪರೀಕ್ಷೆಯ ಸಂಖ್ಯೆಯನ್ನೂ ಮನುಷ್ಯನ ಸಾವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಹಗುರವಾದದ್ದೇ ತೀರ್ಪು ಕೊಡುತ್ತದೆ. ಆದ್ದರಿಂದ ಸಂಯುಕ್ತ ಫಲಿತಾಂಶದ ಪ್ರತಿ ಭಾಗವನ್ನೂ ಬಿಡಿಯಾಗಿ ತೋರಿಸದ ವರದಿಯನ್ನು ನಂಬಬೇಡಿ.

ಮೂರನೆಯ ಪ್ರಶ್ನೆ ಬಹು ಹಳೆಯದು. ಒಂದು ಸಾವು ಇನ್ನೊಂದು ಕಾಯಿಲೆಯ ದಾರಿಯನ್ನೇ ಮುಚ್ಚಿದಾಗ ಏನು ಮಾಡಬೇಕು? ಸಿಡುಬು ಇಲ್ಲವಾದರೆ ಜನರ ಆಯಸ್ಸು ಎಷ್ಟು ಹೆಚ್ಚೀತು ಎಂದು ಡೇನಿಯಲ್ ಬರ್ನೂಲಿ 1760ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಲೆಕ್ಕ ಮಂಡಿಸಿದ್ದ. ಸರಾಸರಿ ಸುಮಾರು ಮೂರು ವರ್ಷ ಎಂಬುದು ಅವನ ಉತ್ತರ. ಸಿಡುಬಿನಿಂದ ಪಾರಾದವರು ಬೇರೆ ಕಾಯಿಲೆಗೆ ಬಲಿಯಾಗಬಹುದು ಎಂಬುದನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿದ್ದ. ಸಾವಿನ ಕಾರಣಗಳ ನಡುವಿನ ಈ ಪೈಪೋಟಿಯನ್ನು ಮರೆತರೆ ಇಂದಿನ ಸಾಫ್ಟ್‌ವೇರ್ ಕೂಡ ತಪ್ಪು ಉತ್ತರ ಕೊಡುತ್ತದೆ.

ಒಂದು ಊಹೆಯ ಲೆಕ್ಕ ನೋಡೋಣ. 100 ಮಂದಿ ವೃದ್ಧರಿದ್ದಾರೆ. ಮೊದಲ ವರ್ಷ 40 ಮಂದಿ ಬೇರೆ ಕಾರಣಕ್ಕೆ ಸತ್ತರು. ಉಳಿದ 60ರಲ್ಲಿ 30 ಮಂದಿಗೆ ಎರಡನೇ ವರ್ಷ ಪಾರ್ಶ್ವವಾಯು ಬಂತು. ಹಾಗಾದರೆ ಎರಡು ವರ್ಷದಲ್ಲಿ ಪಾರ್ಶ್ವವಾಯು ಬಂದವರು 100ಕ್ಕೆ 30. ಸತ್ತ 40 ಮಂದಿಯನ್ನು ‘ಸಂಪರ್ಕ ತಪ್ಪಿದವರು’ ಎಂದು ಕಪ್ಲಾನ್–ಮೈಯರ್ ವಿಧಾನಕ್ಕೆ ಕೊಟ್ಟರೆ ಅದು ಶೇ 50 ಎನ್ನುತ್ತದೆ. ಏಕೆಂದರೆ ಸಂಪರ್ಕ ತಪ್ಪಿದವರಿಗೂ ಉಳಿದವರಷ್ಟೇ ಅಪಾಯ ಎಲ್ಲೋ ಕಾದಿದೆ ಎಂದು ಆ ವಿಧಾನ ಭಾವಿಸುತ್ತದೆ. ಸತ್ತವರಿಗೆ ಪಾರ್ಶ್ವವಾಯು ಬರುವುದಿಲ್ಲ. ವಯಸ್ಸಾದವರ ಅಧ್ಯಯನಗಳಲ್ಲಿ, ಕ್ಯಾನ್ಸರ್ ಜೊತೆ ಹೃದ್ರೋಗವೂ ಇರುವವರ ಅಧ್ಯಯನಗಳಲ್ಲಿ ಈ ತಪ್ಪು ದೊಡ್ಡ ಪ್ರಮಾಣದ್ದಾಗುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ, ಎರಡೂ ಉತ್ತರಿಸುವ ಪ್ರಶ್ನೆ ಬೇರೆ ಬೇರೆ. ಔಷಧ ನಿಜವಾಗಿ ಪಾರ್ಶ್ವವಾಯುವಿನ ಮೇಲೆ ಕೆಲಸ ಮಾಡುತ್ತದೆಯೇ ಎಂದು ತಿಳಿಯಬೇಕಾದರೆ, ಆ ಹೊತ್ತಿಗೆ ಬದುಕಿರುವವರನ್ನಷ್ಟೇ ಹಿಡಿದು ಪ್ರತಿ ಕಾರಣಕ್ಕೂ ಪ್ರತ್ಯೇಕವಾಗಿ ಕಾಕ್ಸ್ ಸಮೀಕರಣ ಬಳಸಬೇಕು. ನನ್ನೆದುರು ಕುಳಿತ ರೋಗಿಗೆ ಐದು ವರ್ಷದಲ್ಲಿ ಪಾರ್ಶ್ವವಾಯು ಬರುವ ಸಾಧ್ಯತೆ ಎಷ್ಟು ಎಂದು ವೈದ್ಯರು ಹೇಳಬೇಕಾದರೆ, ಸಾವನ್ನೂ ಲೆಕ್ಕಕ್ಕೆ ಹಿಡಿದ ಸಂಚಿತ ಪ್ರಮಾಣ ಬೇಕು. ಅದನ್ನು ನೇರವಾಗಿ ಹೋಲಿಸುವ ವಿಧಾನವನ್ನು ಜೇಸನ್ ಫೈನ್ ಮತ್ತು ರಾಬರ್ಟ್ ಗ್ರೇ 1999ರಲ್ಲಿ ಕೊಟ್ಟರು. ಈ ಎರಡನೆಯ ವಿಧಾನದಲ್ಲೂ ಒಂದು ಎಚ್ಚರಿಕೆ ಬೇಕು. ಒಂದು ಔಷಧ ರೋಗಿಗಳನ್ನು ಬೇಗ ಕೊಂದರೆ, ಪಾರ್ಶ್ವವಾಯುವಿಗೆ ಸಿಗುವವರೇ ಕಡಿಮೆಯಾಗಿ ‘ಪಾರ್ಶ್ವವಾಯು ತಗ್ಗಿತು’ ಎಂಬ ಫಲಿತಾಂಶ ಬರುತ್ತದೆ. ಆದ್ದರಿಂದ ಒಂದು ಕಾಯಿಲೆಯ ಅಂಕಿ ಕೊಡುವವರು ಒಟ್ಟು ಸಾವಿನ ಅಂಕಿಯನ್ನೂ ಪಕ್ಕದಲ್ಲೇ ಕೊಡಬೇಕು.

ನಾಲ್ಕನೆಯದು ಮರುಕಳಿಸುವ ಘಟನೆಗಳು. ಮೊದಲ ಸಲ ಆಸ್ಪತ್ರೆ ಸೇರಿದ್ದನ್ನಷ್ಟೇ ಎಣಿಸುವುದು ಮುಂಗಾರಿನ ಮೊದಲ ಮಳೆಯನ್ನು ಅಳೆದು ವರ್ಷದ ಮಳೆ ಇಷ್ಟೇ ಎಂದು ಬರೆದಿಟ್ಟಂತೆ. 2003ರ ‘ಚಾರ್ಮ್–ಪ್ರಿಸರ್ವ್ಡ್’ ಪ್ರಯೋಗದಲ್ಲಿ 3,023 ಹೃದಯ ವೈಫಲ್ಯದ ರೋಗಿಗಳಿಗೆ ಕ್ಯಾಂಡೆಸಾರ್ಟನ್ ಅಥವಾ ಪ್ಲಾಸಿಬೊ ಕೊಟ್ಟಿದ್ದರು. ಹೃದಯ ಸಂಬಂಧಿ ಸಾವು ಎರಡೂ ಕಡೆ 170. ಸಾವು ಅಥವಾ ಮೊದಲ ದಾಖಲಾತಿ ಎಂಬ ಮುಖ್ಯ ಗುರಿಯಲ್ಲಿ ಔಷಧ ಗೆಲ್ಲಲಿಲ್ಲ. 2014ರಲ್ಲಿ ಸಂಖ್ಯಾಶಾಸ್ತ್ರಜ್ಞರು ಅದೇ ಮಾಹಿತಿಯನ್ನು ಮತ್ತೆ ತೆರೆದು ಎಲ್ಲ ದಾಖಲಾತಿಗಳನ್ನೂ ಎಣಿಸಿದರು. ಒಮ್ಮೆಯಾದರೂ ಆಸ್ಪತ್ರೆ ಸೇರಿದವರು 508 ಮಂದಿ, ಎರಡು ಅಥವಾ ಹೆಚ್ಚು ಸಲ ಸೇರಿದವರು 209. ಒಟ್ಟು ದಾಖಲಾತಿಗಳು 939. ಅಂದರೆ ಮೊದಲನೆಯದನ್ನಷ್ಟೇ ಹಿಡಿಯುವ ವಿಧಾನ 431 ದಾಖಲಾತಿಗಳನ್ನು, ಅಷ್ಟೂ ಸಲದ ಸಂಕಟವನ್ನು, ಅಷ್ಟೂ ಬಿಲ್ಲುಗಳನ್ನು ಲೆಕ್ಕದಿಂದ ಹೊರಗಿಟ್ಟಿತ್ತು. ಎಲ್ಲವನ್ನೂ ಎಣಿಸಿದಾಗ ಔಷಧ ದಾಖಲಾತಿಗಳನ್ನು ಸುಮಾರು ಶೇ 30ರಷ್ಟು ತಗ್ಗಿಸಿದ್ದು ಕಂಡಿತು.

ಪ್ರಯೋಗ ಮುಗಿದ ಮೇಲೆ ಮಾಡಿದ ಈ ಲೆಕ್ಕವನ್ನು ಸುಳಿವೆಂದು ಹಿಡಿಯಬೇಕೇ ಹೊರತು ಅಂತಿಮ ಪುರಾವೆಯೆಂದಲ್ಲ. ಆ ಸುಳಿವನ್ನು ಮೊದಲೇ ಬರೆದಿಟ್ಟು ನಡೆದದ್ದು 2019ರ ‘ಪ್ಯಾರಗಾನ್–ಎಚ್‌ಎಫ್’. ಅದರ ಮುಖ್ಯ ಗುರಿ ಹೃದಯ ಸಂಬಂಧಿ ಸಾವು ಮತ್ತು ಹೃದಯ ವೈಫಲ್ಯದ ಎಲ್ಲ ದಾಖಲಾತಿಗಳು. ಸ್ಯಾಕುಬಿಟ್ರಿಲ್–ವಲ್ಸಾರ್ಟನ್ ಪಡೆದ ಗುಂಪಿನಲ್ಲಿ 526 ರೋಗಿಗಳಿಗೆ 894 ಘಟನೆಗಳು, ಹೋಲಿಕೆಯ ಗುಂಪಿನಲ್ಲಿ 557 ರೋಗಿಗಳಿಗೆ 1,009. ಇಳಿಕೆ ಶೇ 13. ಆಕಸ್ಮಿಕದ ಸಾಧ್ಯತೆ ಶೇ 6 ಆದ್ದರಿಂದ ಗೆಲುವು ಕೂದಲೆಳೆಯಲ್ಲಿ ತಪ್ಪಿತು. ಎಲ್ಲವನ್ನೂ ಎಣಿಸಿದರೆ ಗೆಲುವು ಖಚಿತ ಎಂದುಕೊಳ್ಳುವವರು ಈ ಅಂಕಿಗಳನ್ನು ಗಮನಿಸಬೇಕು. ಒಂದಿಬ್ಬರು ರೋಗಿಗಳೇ ಹತ್ತಾರು ಸಲ ಆಸ್ಪತ್ರೆ ಸೇರಿದರೆ ಘಟನೆಗಳ ಸಂಖ್ಯೆ ಏರುತ್ತದೆ, ಮಾಹಿತಿ ಅಷ್ಟು ಏರುವುದಿಲ್ಲ.

ಮರುಕಳಿಸುವ ಘಟನೆಗಳಿಗೆ ಆಂಡರ್ಸನ್ ಮತ್ತು ಗಿಲ್ 1982ರಲ್ಲಿ ಕೊಟ್ಟ ಮಾದರಿ ಇದೆ. ಒಬ್ಬನೇ ರೋಗಿಯ ದಾಖಲಾತಿಗಳ ನಡುವಿನ ನಂಟನ್ನು ಗೌರವಿಸುವಂತೆ 2000ದಲ್ಲಿ ಲಿನ್, ವೇ, ಯಾಂಗ್, ಯಿಂಗ್ ಅದನ್ನು ತಿದ್ದಿದರು. ಪ್ಯಾರಗಾನ್ ಬಳಸಿದ್ದು ಆ ತಿದ್ದಿದ ರೂಪವನ್ನು. ಸಾವು ಇಲ್ಲಿಯೂ ಅಡ್ಡ ಬರುತ್ತದೆ. ಔಷಧ ತೀರಾ ನಿತ್ರಾಣರಾದವರನ್ನು ಉಳಿಸಿದರೆ ಅವರು ಬದುಕಿದ್ದೇ ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಾರೆ. ಆಸ್ಪತ್ರೆಯ ಎಣಿಕೆಯಲ್ಲಿ ಒಳ್ಳೆಯ ಔಷಧವೇ ಕೆಟ್ಟದ್ದಾಗಿ ಕಾಣುತ್ತದೆ. ಸಾವಿನ ಪ್ರಮಾಣ ಹೆಚ್ಚಿರುವ ಕಾಯಿಲೆಯಲ್ಲಿ ದಾಖಲಾತಿಗಳನ್ನೂ ಸಾವನ್ನೂ ಒಟ್ಟಿಗೆ ಅಳೆಯುವ ಜಂಟಿ ಮಾದರಿಗಳು ಬೇಕಾಗುವುದು ಇದಕ್ಕಾಗಿ. ರೋಗಿಯ ಒಳಗಿನ ದುರ್ಬಲತೆಯೇ ಎರಡಕ್ಕೂ ಕಾರಣ ಎಂಬುದನ್ನು ಅವು ಲೆಕ್ಕದೊಳಗೆ ತರುತ್ತವೆ.

ಐದನೆಯ ದಾರಿ ರೋಗಿಯ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು. ಔಷಧ ಪಡೆದ ಒಬ್ಬರನ್ನೂ ಪಡೆಯದ ಒಬ್ಬರನ್ನೂ ಜೋಡಿ ಮಾಡಿ, ಮೊದಲು ಯಾರು ಹೆಚ್ಚು ಕಾಲ ಬದುಕಿದರು ಎಂದು ಕೇಳುವುದು. ಅದರಲ್ಲಿ ತೀರ್ಮಾನವಾಗದಿದ್ದರೆ ಮಾತ್ರ ಯಾರು ಕಡಿಮೆ ಸಲ ಆಸ್ಪತ್ರೆ ಸೇರಿದರು ಎಂದು ನೋಡುವುದು. ಹೀಗೆ ಸಾಧ್ಯವಿರುವ ಎಲ್ಲ ಜೋಡಿಗಳನ್ನೂ ಹೋಲಿಸಿ ಗೆಲುವು ಸೋಲುಗಳನ್ನು ಎಣಿಸುವುದು. ಫಿಂಕಲ್‌ಸ್ಟೈನ್ ಮತ್ತು ಶೋಯನ್‌ಫೆಲ್ಡ್ 1999ರಲ್ಲಿ ಇದನ್ನು ಸೂಚಿಸಿದರು. 2012ರಲ್ಲಿ ಸ್ಟುವರ್ಟ್ ಪೋಕಾಕ್ ಮತ್ತು ಸಂಗಡಿಗರು ಗೆಲುವನ್ನು ಸೋಲಿನಿಂದ ಭಾಗಿಸಿ ‘ವಿನ್ ರೇಶಿಯೋ’ ಎಂದು ಕರೆದರು. ಹೃದಯದ ಸ್ನಾಯುವಿನಲ್ಲಿ ಅಮಿಲಾಯ್ಡ್ ಪ್ರೋಟೀನ್ ತುಂಬಿಕೊಳ್ಳುವ ಅಪರೂಪದ ಕಾಯಿಲೆಗೆ ಟಫಾಮಿಡಿಸ್ ಔಷಧ ಪರೀಕ್ಷಿಸಿದ ಪ್ರಯೋಗ 2018ರಲ್ಲಿ ಈ ಕ್ರಮವನ್ನು ಮುಖ್ಯವಾಗಿಟ್ಟುಕೊಂಡಿತು. ರೋಗಿಗಳಿದ್ದದ್ದು 441 ಮಾತ್ರ. ಸಾವು ಶೇ 42.9ರಿಂದ ಶೇ 29.5ಕ್ಕೆ ಇಳಿಯಿತು, ವಿನ್ ರೇಶಿಯೋ 1.70. ಸಾವಿಗೆ ಮೊದಲ ಸ್ಥಾನ ಕೊಟ್ಟೂ ಆಸ್ಪತ್ರೆವಾಸವನ್ನು ಬಿಡದ ಕ್ರಮ ಇದು. ಜೋಡಿಗಳಲ್ಲಿ ಎಷ್ಟು ಸಾವಿನಿಂದ ತೀರ್ಮಾನವಾದವು, ಎಷ್ಟು ಆಸ್ಪತ್ರೆಯಿಂದ ಎಂಬುದನ್ನು ಬಿಡಿಸಿ ಹೇಳದಿದ್ದರೆ ಇದೂ ಮಸುಕಾಗುತ್ತದೆ.

ಇಷ್ಟರಲ್ಲಿ ಯಾವುದು ಸರಿ? ಪ್ರಶ್ನೆ ಯಾವುದೋ ಅದಕ್ಕೆ ತಕ್ಕದ್ದು ಸರಿ. ಘಟನೆಗಳು ಅಪರೂಪವಾಗಿದ್ದು, ತೂಕದಲ್ಲಿ ಹತ್ತಿರ ಹತ್ತಿರವಿದ್ದರೆ ಸಂಯುಕ್ತ ಫಲಿತಾಂಶ ಸಾಕು. ವೃದ್ಧರಲ್ಲಿ ಒಂದು ನಿರ್ದಿಷ್ಟ ಕಾಯಿಲೆಯನ್ನು ಅಳೆಯುವಾಗ ಪೈಪೋಟಿಯ ಅಪಾಯವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಮರುಕಳಿಸುವುದೇ ಕಾಯಿಲೆಯ ಸ್ವಭಾವವಾದರೆ ಎಲ್ಲ ಸಲವನ್ನೂ ಎಣಿಸಬೇಕು, ಸಾವನ್ನು ಜೊತೆಗೆ ಕಟ್ಟಿಕೊಳ್ಳಬೇಕು. ಘಟನೆಗಳ ತೂಕದಲ್ಲಿ ಅಜಗಜಾಂತರವಿದ್ದರೆ ಜೋಡಿಗಳ ಹೋಲಿಕೆ ನ್ಯಾಯವಾದದ್ದು. 2019ರಲ್ಲಿ ಔಷಧ ನಿಯಂತ್ರಣದ ಅಂತರರಾಷ್ಟ್ರೀಯ ಮಂಡಳಿಯಾದ ಐಸಿಎಚ್ ತನ್ನ ಮಾರ್ಗಸೂಚಿಗೆ ಸೇರಿಸಿದ ಅನುಬಂಧದ ಸಾರವೂ ಇದೇ: ಏನನ್ನು ಅಳೆಯಬೇಕೆಂದು ಮೊದಲು ಸ್ಪಷ್ಟವಾಗಿ ಹೇಳಿ, ವಿಧಾನವನ್ನು ಅದರ ಮೇಲೆ ಆರಿಸಿ. ಈ ಕೆಲಸ ಮಾಹಿತಿ ಕೈಗೆ ಬರುವ ಮುನ್ನ ಆಗಬೇಕು. ಐದೂ ವಿಧಾನಗಳನ್ನು ಓಡಿಸಿ ನೋಡಿ, ಚೆನ್ನಾಗಿ ಕಂಡದ್ದನ್ನು ಮುಂದಿಡುವುದು ರೋಗಿಗಳಿಗೆ ಮಾಡುವ ಮೋಸ. ತಮ್ಮ ದೇಹವನ್ನು ಪ್ರಯೋಗಕ್ಕೆ ಒಪ್ಪಿಸಿದವರಿಗೆ ನಾವು ಕೊಡಬಹುದಾದ ಕನಿಷ್ಠ ಮರ್ಯಾದೆ ಪ್ರಾಮಾಣಿಕ ಲೆಕ್ಕ.

ಭಾರತದಲ್ಲಿ ಇದನ್ನು ಪರಿಶೀಲಿಸುವ ದಾರಿ ತೆರೆದೇ ಇದೆ. 2009ರ ಜೂನ್ 15ರಿಂದ ಔಷಧ ಪ್ರಯೋಗಗಳನ್ನು ಶುರುವಾಗುವ ಮೊದಲೇ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ–ಇಂಡಿಯಾದಲ್ಲಿ ನೋಂದಾಯಿಸುವುದು ಕಡ್ಡಾಯವಾಗಿದೆ. ಅಲ್ಲಿ ಪ್ರತಿ ಪ್ರಯೋಗದ ಮುಖ್ಯ ಗುರಿ, ಅದನ್ನು ಅಳೆಯುವ ಕಾಲಾವಧಿ ಎರಡನ್ನೂ ಯಾರು ಬೇಕಾದರೂ ನೋಡಬಹುದು. ನಮ್ಮ ವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ: ಪ್ರಬಂಧದ ಅಂಕಿಗಳೆಲ್ಲ ಸೇರಿದ ಮೇಲೆ ಸಂಖ್ಯಾಶಾಸ್ತ್ರಜ್ಞರ ಬಾಗಿಲು ತಟ್ಟಬೇಡಿ, ಪ್ರಶ್ನೆ ರೂಪಿಸುವ ದಿನವೇ ಅವರ ಜೊತೆ ಕೂರಿ. ನೈತಿಕ ಸಮಿತಿಗಳ ಸದಸ್ಯರು ಒಪ್ಪಿಗೆ ಪತ್ರವನ್ನು ನೋಡುವಷ್ಟೇ ಕಾಳಜಿಯಿಂದ ವಿಶ್ಲೇಷಣೆಯ ಯೋಜನೆಯನ್ನೂ ನೋಡಲಿ. ಓದುಗರಾದ ನೀವು, ಹೊಸ ಔಷಧವೊಂದು ಅಪಾಯವನ್ನು ಶೇ 20ರಷ್ಟು ತಗ್ಗಿಸಿತು ಎಂಬ ಸುದ್ದಿ ಕಂಡಾಗ ಯಾವುದರ ಅಪಾಯ, ಸಾವು ಎಷ್ಟು ತಗ್ಗಿತು, ಈ ಗುರಿಯನ್ನು ಮೊದಲೇ ಬರೆದಿಟ್ಟಿದ್ದರೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಮೂರಕ್ಕೂ ಉತ್ತರ ಸಿಗದಿದ್ದರೆ ಆ ಶೇ 20ನ್ನು ಪಕ್ಕಕ್ಕಿಡಿ.